ಕಾಲರಿನ ಲೇಬಲ್ಲು

ತಿಪಟೂರಿನಲ್ಲಿ ಅಂಗಿ ಹೊಲಿಯುವವರಿಗೆ ಬರವಿರಲಿಲ್ಲ. ಆದರೆ ಹೊಲಿದಾದ ಮೇಲೆ ಕಾಲರನ್ನು ಮಗುಚಿ, ಒಳಗಿನ ಲೇಬಲ್ಲಿನ ಅಂಚಿಗೆ ಹೆಬ್ಬೆರಳ ಉಗುರು ಕೊಟ್ಟು ಕೀಳಲು ನೋಡುವ ದರ್ಜಿ ಅಂತ ಇದ್ದದ್ದು ಅಬ್ದುಲ್ ಖಾದರ್ ಒಬ್ಬರೇ. ಉಗುರಿಗೆ ಲೇಬಲ್ಲು ಒಂದೆಳೆ ಎದ್ದರೂ ಸಾಕು, ಪೂರ್ತಿ ಬಿಚ್ಚಿ ಮತ್ತೆ ಹೊಲಿಯುತ್ತಿದ್ದರು. ಏಳದಿದ್ದರೆ ಮಾತ್ರ ಅಂಗಿ ಮಡಿಸಿ ಕೊಡುತ್ತಿದ್ದರು. ಗಿರಾಕಿ ಬಾಗಿಲಲ್ಲಿ ನಿಂತು, "ತುರುವೇಕೆರೆ ಬಸ್ಸು ಹೊಂಟೋಯ್ತದೆ ಸಾಬ್ರೇ" ಅಂತ ಗೋಳಾಡಿದರೂ ಅಷ್ಟೆ. "ಅಂಗಿ ಹರೀಲಿ ಕಣಪ್ಪ, ಹೆಸರು ಹರೀಬಾರ್ದು" ಅನ್ನುವುದು ಅವರ ಉತ್ತರ. ಲೇಬಲ್ಲಿನಲ್ಲಿ ಕೆಂಪು ದಾರದ ಎರಡೇ ಪದ ಇರುತ್ತಿದ್ದವು. ಖಾದರ್, ತಿಪಟೂರು.

ಆ ಮನೆಯಲ್ಲಿ ಏನಿಲ್ಲದಿದ್ದರೂ ಜಂಬಕ್ಕೆ ಕೊರತೆ ಇರಲಿಲ್ಲ. ತೊಂಬತ್ತರ ದಶಕದ ನಡುವಿನಲ್ಲಿ ಒಮ್ಮೆ ತುಮಕೂರಿನ ದೊಡ್ಡ ಜವಳಿ ಅಂಗಡಿಯವನೊಬ್ಬ ಕಾರಿನಲ್ಲಿ ಬಂದು, ವರ್ಷಪೂರ್ತಿ ಕೆಲಸ ಕೊಡುತ್ತೇನೆ, ಕಾಲರಿನೊಳಗೆ ನಮ್ಮ ಅಂಗಡಿಯ ಲೇಬಲ್ಲು ಹಾಕಿದರೆ ಸಾಕು ಅಂದಿದ್ದ. ಖಾದರ್ ಸಾಬರು ಅವನಿಗೆ ಟೀ ತರಿಸಿಕೊಟ್ಟು, ಲೋಟ ಖಾಲಿಯಾಗುವ ತನಕ ಕಾದು, ದಾರಿ ತೋರಿಸಿದರು. ಬಂದ ಲಕ್ಷ್ಮಿಯನ್ನು ಕಾಲಲ್ಲಿ ಒದ್ದ ಅಂತ ಬೀದಿಯೆಲ್ಲ ಆಡಿಕೊಂಡಿತು. ಆಗ ಮೂಲೆಯಲ್ಲಿ ಕೂತು ಗುಂಡಿ ಹಾಕುತ್ತಿದ್ದ ಮಗಳು ಫಿರ್ದೌಸ್ ಮಾತ್ರ, ತನ್ನಪ್ಪನಂಥ ಗಂಡಸು ಈ ಜಿಲ್ಲೆಯಲ್ಲೇ ಇಲ್ಲ ಅಂದುಕೊಂಡಳು.

ಅಂಥವರ ಮಗಳಾಗಿದ್ದೂ ಅವಳೀಗ ಎರಡು ವರ್ಷದಿಂದ ಇನ್ನೊಬ್ಬರ ಹೆಸರಲ್ಲಿ ಕೆಲಸ ಮಾಡುತ್ತಿದ್ದಳು. ಅವಳಿಗೆ ಚುಚ್ಚುತ್ತಿದ್ದದ್ದು ಅದೊಂದೇ.

ಕೆಲಸ ಅಂದರೆ ವೆಬ್‌ಸೈಟು ಮಾಡುವುದು. ಎರಡು ಸಾವಿರದ ಮೂರನೇ ಇಸವಿ. ಬಸ್‌ಸ್ಟ್ಯಾಂಡ್ ಹತ್ತಿರ ಇಮ್ದಾದ್ ಒಂದು ಕಂಪ್ಯೂಟರ್ ಸೆಂಟರ್ ಇಟ್ಟಿದ್ದ. ಬಿ.ಕಾಂ. ಮುಗಿಸಿ ಅಲ್ಲಿ ಟೈಪಿಂಗ್ ಕಲಿಯಲು ಹೋದ ಫಿರ್ದೌಸ್ ಮೂರು ತಿಂಗಳಲ್ಲಿ ಅವನು ಅರ್ಧಕ್ಕೆ ಕೈಬಿಟ್ಟಿದ್ದ ವೆಬ್‌ಸೈಟೊಂದನ್ನು ಮುಗಿಸಿಕೊಟ್ಟಿದ್ದಳು. ಅಂದಿನಿಂದ ಆರ್ಡರು ಹಿಡಿಯುವವನು ಇಮ್ದಾದ್, ಮಾಡುವವಳು ಫಿರ್ದೌಸ್. ಪುಟದ ತಳದಲ್ಲಿ ಮಾತ್ರ 'ಇಮ್ದಾದ್ ಕಂಪ್ಯೂಟರ್ಸ್' ಅಂತ ಬೀಳುತ್ತಿತ್ತು. ಅವನೇನು ಕೆಟ್ಟವನಲ್ಲ. ಹೇಳಿದ ದಿನಕ್ಕೆ ಸಂಬಳ ಕೊಡುತ್ತಿದ್ದ, ಹಬ್ಬಕ್ಕೆ ಖರ್ಜೂರ ಕಳಿಸುತ್ತಿದ್ದ. ಹೆಸರಿನ ವಿಷಯ ಬಂದರೆ ಮಾತ್ರ ಕಿವಿ ಕೇಳುತ್ತಿರಲಿಲ್ಲ.

ಫಿರ್ದೌಸಳದೊಂದು ಹಟವಿತ್ತು. ನೋಡದ ಊರಿಗೆ ಪುಟ ಮಾಡುವುದಿಲ್ಲ. ಮೈ ನೋಡದೆ ಬಟ್ಟೆಗೆ ಕತ್ತರಿ ಇಡದ ಅಪ್ಪನಿಂದ ಬಂದ ಹಟ ಅದು. ತುರುವೇಕೆರೆಯ ಮದುವೆ ಛತ್ರದವರು ವೆಬ್‌ಸೈಟು ಬೇಕೆಂದಾಗ ಅವಳು ಬಸ್ಸು ಹತ್ತಿ ಹೋಗಿ ಊಟದ ಮನೆಯಲ್ಲಿ ಪಂಕ್ತಿಯಲ್ಲೇ ಕೂತು ಉಂಡು ಬಂದಳು. ಅಮ್ಮಸಂದ್ರದ ಲಾರಿ ಮಾಲೀಕನೊಬ್ಬನಿಗಾಗಿ ಸಿಮೆಂಟಿನ ಧೂಳು ಕುಡಿದು ಬಂದಳು. ದಂಡಿನಶಿವರದ ತೆಂಗಿನ ಸಸಿ ಮಾರುವವರಿಗಾಗಿ ಮೂರು ಸಲ ಹೋಗಿ, ಬಿತ್ತನೆಗೆ ಕಾಯಿ ಆರಿಸುವುದರಿಂದ ಹಿಡಿದು ಸಸಿ ಮೊಳೆಯುವ ತನಕ ಎಲ್ಲವನ್ನೂ ಕಂಡು ಬಂದಳು. ಎಲ್ಲ ಕಡೆಗೂ ಜೊತೆಗೆ ಅಪ್ಪನ ತಂಗಿ ವಜೀರಾ. ಕಾವಲಿಗೆಂದು ಹೊರಟ ಈ ಫುಪ್ಪು ಎರಡನೇ ಪ್ರಯಾಣದ ಹೊತ್ತಿಗೆ ಕಿಟಕಿ ಪಕ್ಕದ ಸೀಟಿಗಾಗಿ ಸೊಸೆಯೊಡನೆ ಜಗಳವಾಡುತ್ತಿದ್ದಳು.

ಛತ್ರದ ಸೈಟು ಮುಗಿದಾಗ ಖಾದರ್ ಸಾಬರು ಒಮ್ಮೆ ಸೆಂಟರಿಗೆ ಬಂದಿದ್ದರು. ಕೊರಳಲ್ಲಿ ಟೇಪು ಹಾಗೇ ನೇತಾಡುತ್ತಿತ್ತು. ಮಗಳು ಹೆಮ್ಮೆಯಿಂದ ಪುಟವನ್ನು ಮೇಲಿನಿಂದ ಕೆಳಗೆ ಓಡಿಸಿದಳು. ಅವರು ಹೂವಿನ ಮಂಟಪ ನೋಡಿದರು, ಅಡುಗೆಮನೆ ನೋಡಿದರು, ಕೊನೆಗೆ ತಳದ ಸಣ್ಣಕ್ಷರದ ಮೇಲೆ ಕಣ್ಣು ನಿಲ್ಲಿಸಿದರು.

"ಹೊಲಿಗೆ ನಿಂದು. ಲೇಬಲ್ಲು ಇವರ್ದು," ಅಂದರು. ಅಷ್ಟೇ ಅಂದು ಅಂಗಡಿಗೆ ಹೊರಟುಹೋದರು.

ಬೈದಿದ್ದರೆ ವಾಸಿಯಾಗಿತ್ತು. ಆ ದಿನದಿಂದ ಫಿರ್ದೌಸಳಿಗೆ ಯಾವ ಪುಟ ಮುಗಿಸಿದರೂ ಅಪ್ಪನ ಉಗುರು ಬಂದು ಆ ತಳದ ಸಾಲನ್ನು ಕೀಳುತ್ತಿರುವಂತೆ ಕಾಣತೊಡಗಿತು. ಒಂದು ಬೆಳಿಗ್ಗೆ ಅವಳು ಇಮ್ದಾದನ ಮೇಜಿನ ಮುಂದೆ ನಿಂತುಬಿಟ್ಟಳು.

"ಮುಂದಿನ ಕೆಲಸಕ್ಕೆ ನನ್ನ ಹೆಸರು ಹಾಕ್ತೀನಿ, ಇಮ್ದಾದ್ ಭಾಯ್."

ಇಮ್ದಾದ್ ನಕ್ಕ. "ಹಾಕ್ಕೋಮ್ಮ. ನಾನು ಕೊಡೋ ರೆಡಿಮೇಡ್ ಪುಟದ ಅಚ್ಚು ಮುಟ್ಟಬಾರ್ದು, ಎಲ್ಲ ನೀನೇ ಕತ್ತರಿಸಿ ಮಾಡ್ಬೇಕು. ಗಿರಾಕಿ ಮುಂದೆ ಇಟ್ಟ ದಿನ ಒಂದೇ ಒಂದು ಆಲ್ಟ್ರೇಷನ್ ಬಂದ್ರೂ ನನ್ನ ಹೆಸರೇ. ಒಪ್ಪಿಗೇನಾ?"

ದರ್ಜಿಯ ಮಗಳ ಮುಂದೆ ಆಲ್ಟ್ರೇಷನ್ನಿನ ಮಾತು! "ಒಪ್ಪಿಗೆ," ಅಂದಳು ಫಿರ್ದೌಸ್.

ಆ ಕೆಲಸ ಚಿಕ್ಕನಾಯಕನಹಳ್ಳಿ ಕಡೆಯಿಂದ ಬಂತು. ಹುಳಿಯಾರು ದಾರಿಯ ಒಂದು ಹಟ್ಟಿಯಲ್ಲಿ ಕುರಿ ಸಾಕುವವರ ಸಂಘವಿತ್ತು. ಅದರ ಅಧ್ಯಕ್ಷೆ ಚಿತ್ತಮ್ಮ, ಲೆಕ್ಕಪತ್ರ ನೋಡುವವನು ಅವಳ ಮಗ ಚಿತ್ತೇಶ್. ಸಂತೆಯಲ್ಲಿ ದಲ್ಲಾಳಿಗಳು ಟವಲ್ಲಿನಡಿ ಬೆರಳು ಹಿಡಿದು ಗುಟ್ಟಾಗಿ ಬೆಲೆ ಕಟ್ಟುವುದನ್ನು ಕಂಡೂ ಕಂಡೂ ಅವನಿಗೆ ರೋಸಿಹೋಗಿತ್ತು. "ಟವಲ್ಲು ತೆಗೆದು ಯಾಪಾರ ಮಾಡ್ಬೇಕು ಕಣಕ್ಕ. ನಮ್ಮ ಕುರಿ, ನಮ್ಮ ಉಣ್ಣೆ, ಎಲ್ಲಾ ಊರೋರೂ ನೋಡೋ ಹಂಗೆ ಇಡ್ಬೇಕು," ಅಂದ ಅವನು, ಸೆಂಟರಿಗೆ ಬಂದು ಕೂತು.

ಫಿರ್ದೌಸ್ ಊರಿನ ಫೋಟೋ ಸ್ಟುಡಿಯೋದವರ ಕ್ಯಾಮೆರಾ ಇಸಿದುಕೊಂಡು, ಫುಪ್ಪುವನ್ನು ಕಿಟಕಿ ಪಕ್ಕ ಕೂರಿಸಿ ಹೊರಟಳು. ತಿಪಟೂರಿನ ತೋಟಗಳು ಹಿಂದಾಗಿ, ಚಿಕ್ಕನಾಯಕನಹಳ್ಳಿ ದಾಟಿದ ಮೇಲೆ ಬೋಳು ಗುಡ್ಡಗಳು ಎದುರಾದವು. ಈ ದಾರಿ ಅವಳಿಗೆ ಹೊಸದಲ್ಲ. ಚಿಕ್ಕವಳಿದ್ದಾಗ ಸುಗ್ಗಿ ಮುಗಿದ ದಿನಗಳಲ್ಲಿ ಅಪ್ಪ ಕೈಮೆಷಿನ್ನನ್ನು ಬಸ್ಸಿನ ಮೇಲೆ ಹಾಕಿಸಿ, ಇಳಿದ ಮೇಲೆ ಬಾಡಿಗೆ ಸೈಕಲ್ಲಿಗೆ ಕಟ್ಟಿ ಹಟ್ಟಿಯಿಂದ ಹಟ್ಟಿಗೆ ಹೋಗುತ್ತಿದ್ದರು. ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರುತ್ತಿದ್ದವಳು ಇವಳೇ. ಆಗ ಸೂಜಿಗೆ ದಾರ ಪೋಣಿಸಿಕೊಡಲು ಹೋಗುತ್ತಿದ್ದವಳು ಈಗ ತನ್ನದೇ ಕೆಲಸಕ್ಕೆ ಹೊರಟಿದ್ದಾಳೆ ಅನ್ನುವುದು ನೆನಪಾಗಿ ಅವಳ ಬೆನ್ನು ತಾನಾಗಿ ನೆಟ್ಟಗಾಯಿತು.

ಹಟ್ಟಿಯ ಕಳ್ಳಿಬೇಲಿ ಸಿಕ್ಕಾಗ, ಯಾರೂ ಹೇಳುವ ಮುಂಚೆಯೇ ಅವಳು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟಳು. ಹಟ್ಟಿಯೊಳಗೆ ಮೆಟ್ಟಿಕೊಂಡು ನಡೆಯಬಾರದೆಂದು ಅಪ್ಪ ಚಿಕ್ಕಂದಿನಲ್ಲೇ ಕಲಿಸಿದ್ದರು. ಜಗಲಿಯ ಮೇಲಿದ್ದ ಚಿತ್ತಮ್ಮ ಅದನ್ನು ಗಮನಿಸಿದಳು.

"ಯಾರ ಮಗಳವ್ವ ನೀನು? ಪ್ಯಾಟೆಯೋರು ಮೆಟ್ಟು ಬುಡು ಅಂದ್ರೂ ಮೂತಿ ತಿರುವ್ತಾರೆ."

"ತಿಪಟೂರು ಖಾದರ್ ಸಾಬ್ರ ಮಗಳು ಕಣಮ್ಮ. ದರ್ಜಿ."

ಚಿತ್ತಮ್ಮ ಎದ್ದು ಒಳಗೆ ಹೋದಳು. ಬರುವಾಗ ಅವಳ ಕೈಯಲ್ಲಿ ಬಣ್ಣ ಯಾವುದೆಂದು ಹೇಳಲಾಗದಷ್ಟು ಮಾಸಿದ ಅಂಗಿಯೊಂದಿತ್ತು. ತೀರಿಹೋದ ಗಂಡ ಚಿತ್ತಯ್ಯನದು. ಕಾಲರು ಅಂಚಿನಲ್ಲಿ ಜಾಲರಿಯಾಗಿತ್ತು. ಮಗುಚಿ ನೋಡಿದರೆ, ಒಳಗೆ ಲೇಬಲ್ಲು ಒಂದೆಳೆ ಸಡಿಲವಿಲ್ಲದೆ ಕೂತಿತ್ತು. ಖಾದರ್, ತಿಪಟೂರು.

"ನಮ್ಮ ಯಜಮಾನ್ರು ಇದ್ನ ಇಕ್ಕಂಡು ಸಂತೇಗೋದ್ರೆ, ಯಾರಾದ್ರೂ ಬಟ್ಟೆ ಚೆನ್ನಾಗೈತಲ್ಲ ಅಂದೇಟ್ಗೆ ಕಾಲರ್ ಮಗುಚಿ ತೋರ್ಸೋರು," ಅಂದಳು ಚಿತ್ತಮ್ಮ. ಫಿರ್ದೌಸ್ ಆ ಅಂಗಿಯ ಫೋಟೋ ತೆಗೆಯಲಿಲ್ಲ. ತೆಗೆಯಬೇಕೆಂದು ಕ್ಯಾಮೆರಾ ಎತ್ತಿದಳು, ಕಣ್ಣು ಮಂಜಾಗಿ ಏನೂ ಕಾಣಲಿಲ್ಲ.

ಬೆಳಗಿನಿಂದ ಸಂಜೆಯವರೆಗೆ ಅವಳು ಕುರಿಗಳ ಹಿಂದೆ ಗುಡ್ಡ ಸುತ್ತಿದಳು. ಮರಿಗಳನ್ನು, ಉಣ್ಣೆ ಕತ್ತರಿಸುವ ಕೈಗಳನ್ನು, ಗದರುವ ಚಿತ್ತಮ್ಮನನ್ನು ಕ್ಯಾಮೆರಾದಲ್ಲಿ ಹಿಡಿದಳು. ವಜೀರಾ ಫುಪ್ಪು ಹಟ್ಟಿಯ ಹೆಂಗಸರ ಜೊತೆ ರಾಗಿರೊಟ್ಟಿ ತಿಂದು, ಇಲ್ಲೇ ಇದ್ದುಬಿಡೋಣ ಅನ್ನುವ ತನಕ ಬಂದಳು.

ಊರಿಗೆ ಮರಳಿದ ಮೇಲೆ ಶುರುವಾಯಿತು ಅಸಲು ಕೆಲಸ. ಈ ಸಲ ರೆಡಿಮೇಡ್ ಅಚ್ಚಿಲ್ಲ. ಫಿರ್ದೌಸ್ ಅಪ್ಪನ ಅಂಗಡಿಯಿಂದ ಟೇಪು, ಸೀಮೆಸುಣ್ಣದ ಬಿಲ್ಲೆ, ಕಂದು ಕಾಗದ ತಂದಳು. ಇಮ್ದಾದನ ಸೆಂಟರಿನ ಕಂಪ್ಯೂಟರ್ ತೆರೆಯನ್ನು ಅಡ್ಡ ಅಳೆದಳು, ಉದ್ದ ಅಳೆದಳು. ಕಾಗದವನ್ನು ಅದೇ ಅಳತೆಗೆ ಕತ್ತರಿಸಿ, ಎದೆಯ ಭಾಗದಲ್ಲಿ ಗುಡ್ಡದ ಚಿತ್ರ, ಎಡತೋಳಿಗೆ ಕುರಿಗಳ ಸಾಲು, ಬಲತೋಳಿಗೆ ಉಣ್ಣೆಯ ಮಾತು ಅಂತ ಗೆರೆ ಎಳೆದಳು. ಆಮೇಲೆ ಅದೇ ಅಳತೆಯನ್ನು ಕಂಪ್ಯೂಟರಿಗೆ ಹೇಳಿ, ಅತ್ತಿತ್ತ ಒಂದೆಳೆ ಅಲುಗದಂತೆ ಬಿಗಿ ಮಾಡಿದಳು. ಮುಗಿದಾಗ ಪುಟ ತೆರೆಯ ಒಳಗೆ ಹೊಲಿದಿಟ್ಟ ಹಾಗೆ ಕೂತಿತು. ಹೆತ್ತವರಿಗೆ ಹೆಗ್ಗಣವೂ ಮುದ್ದು ಅನ್ನುತ್ತಾರೆ, ಇದು ಹೆಗ್ಗಣವಾಗಿರಲಿಲ್ಲ. ನಿಜವಾಗಿಯೂ ಚೆಲುವಾಗಿತ್ತು. ಇಮ್ದಾದ್ ಕೂಡ ಹಿಂದೆ ಬಂದು ನಿಂತು, ಪುಟವನ್ನು ಎರಡೆರಡು ಸಲ ನೋಡಿ ಹೋದ. ತಳದಲ್ಲಿ ಹೆಸರಿನ ಜಾಗವನ್ನು ಅವಳು ಖಾಲಿ ಬಿಟ್ಟಳು. ತೋರಿಸುವ ದಿನವೇ ತುಂಬುವುದೆಂದು ಮಾತಾಗಿತ್ತು.

ತೋರಿಸುವುದು ಚಿಕ್ಕನಾಯಕನಹಳ್ಳಿಯಲ್ಲಿ. ಹಟ್ಟಿಯವರಿಗೆ ಅದೇ ಹತ್ತಿರ. ಅಲ್ಲಿ ಪರಿಚಯದವರೊಬ್ಬರ ಹೊಸ ತರಬೇತಿ ಕೇಂದ್ರದಲ್ಲಿ ಬೆಳಗಿನ ಹೊತ್ತು ಒಂದು ಕಂಪ್ಯೂಟರು ಕೊಡುತ್ತೇವೆ ಅಂದಿದ್ದರು. ಸಂಘದ ಹೆಂಗಸರು, ಗಂಡಸರು ಶುಭ್ರ ಬಟ್ಟೆ ಉಟ್ಟು ಬಂದಿದ್ದರು. ಚಿತ್ತಮ್ಮ ಮುಂದಿನ ಕುರ್ಚಿಯಲ್ಲಿ ಕೂತಳು. ಇಮ್ದಾದ್ ಕೈಕಟ್ಟಿ ಗೋಡೆಗೆ ಒರಗಿದ. ಫಿರ್ದೌಸ್ ಸಿ.ಡಿ. ಹಾಕಿ, ಪುಟವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ತೆರೆದಳು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅಲ್ಲಿಯ ತೆರೆ ಸೆಂಟರಿನ ತೆರೆಗಿಂತ ಎಷ್ಟೋ ದೊಡ್ಡದು, ಹೊಸ ನಮೂನೆಯದು. ಅವಳ ಪುಟ ಹೋಗಿ ಎಡಗಡೆ ಮೇಲಿನ ಮೂಲೆಯಲ್ಲಿ ಮುದುರಿ ಕೂತಿತು. ಉಳಿದದ್ದೆಲ್ಲ ಬಿಳಿ ಬಯಲು. ಇಷ್ಟು ದಿನ ಎಲ್ಲ ಗಿರಾಕಿಗಳೂ ಇಮ್ದಾದನ ಸೆಂಟರಿನಲ್ಲೇ ಪುಟ ನೋಡಿ ಹೋಗುತ್ತಿದ್ದರಿಂದ, ಬೇರೆ ತೆರೆಯ ಅಳತೆ ಬೇರೆ ಇರುತ್ತದೆ ಅನ್ನುವುದು ಅವಳಿಗೆ ಹೊಳೆದೇ ಇರಲಿಲ್ಲ. ಒಂದು ಮೈ ಅಳೆದು ಊರಿಗೆಲ್ಲ ಅಂಗಿ ಹೊಲಿದಿದ್ದಳು!

"ಇದ್ಯಾಕವ್ವ, ಇಷ್ಟಗಲ ಬಯಲು ಬುಟ್ಟು ನನ್ನ ಕುರೀನೆಲ್ಲ ಮೂಲೇಗೆ ಕೂಡಿದೀಯ?" ಅಂದಳು ಚಿತ್ತಮ್ಮ.

ಜನ ನಕ್ಕರು. ಇಮ್ದಾದ್ ಗೋಡೆಯ ಕಡೆಯಿಂದ ಮೆಲ್ಲಗೆ, "ಆಲ್ಟ್ರೇಷನ್," ಅಂದ. ಫಿರ್ದೌಸಳ ಕಿವಿ ಸುಟ್ಟಂತಾಯಿತು. ನೆಲ ಬಾಯಿಬಿಟ್ಟಿದ್ದರೆ ಇಳಿದುಹೋಗುತ್ತಿದ್ದಳು. ಆದರೆ ಚಿಕ್ಕನಾಯಕನಹಳ್ಳಿಯ ಗಟ್ಟಿ ನೆಲ ಅಷ್ಟು ಸುಲಭಕ್ಕೆ ಬಾಯಿಬಿಡುವಂಥದ್ದಲ್ಲ.

"ಸ್ವಲ್ಪ ತಡೀರಮ್ಮ, ಸರಿ ಮಾಡ್ತೀನಿ," ಅಂದಳು. ಹೇಗೆ ಅನ್ನುವುದು ಅವಳಿಗೂ ಗೊತ್ತಿರಲಿಲ್ಲ. ಈ ತೆರೆಯ ಅಳತೆಗೆ ಹೊಸದಾಗಿ ಕತ್ತರಿಸಬಹುದು. ಆಮೇಲೆ? ನಾಳೆ ಇದನ್ನು ನೋಡುವ ಬೊಂಬಾಯಿಯ ಉಣ್ಣೆ ವ್ಯಾಪಾರಿಯ ತೆರೆ ಇನ್ನೆಷ್ಟಗಲವೋ. ಲೋಕದ ತೆರೆಗಳನ್ನೆಲ್ಲ ಅಳೆಯಲು ಅವಳ ಟೇಪು ಸಾಲುತ್ತದೆಯೇ?

"ತಡೀತೀನಿ ಬುಡು, ಕುರಿ ಕಾಯೋರ್ಗೆ ತಡಿಯಾದು ಹೇಳಿಕೊಡಬೇಕಾ," ಅಂದು ಚಿತ್ತಮ್ಮ ಎಲೆ ಹಾಕಿಕೊಳ್ಳಲು ಸೊಂಟದ ಸಂಚಿ ತೆಗೆದಳು. ಲಾಡಿ ಸಡಿಲಿಸಿದಳು. ಬಾಯಿ ಮುದುರಿದ್ದ ಸಂಚಿ ಅಗಲವಾಗಿ ತೆರೆದುಕೊಂಡಿತು. ಎಲೆ ಅಡಿಕೆ ತೆಗೆದು ಲಾಡಿ ಎಳೆದಳು. ಸಂಚಿ ಮತ್ತೆ ಮುಷ್ಟಿಯಷ್ಟಾಯಿತು.

ಫಿರ್ದೌಸ್ ಅದನ್ನೇ ನೋಡುತ್ತಿದ್ದಳು. ಹಟ್ಟಿಗಳ ಜಗಲಿಯಲ್ಲಿ ಅಪ್ಪ ಅಂಗಿಗೆ ಮಾತ್ರ ಅಳತೆ ತೆಗೆದುಕೊಳ್ಳುತ್ತಿದ್ದರು. ಲಂಗಕ್ಕೆ, ಚಡ್ಡಿಗೆ ಎಂದೂ ಟೇಪು ಹಿಡಿದವರಲ್ಲ. ಸಡಿಲವಾಗಿ ಹೊಲಿದು ಲಾಡಿ ಪೋಣಿಸಿಬಿಟ್ಟರೆ ಆಯಿತು, ಉಂಡು ಊದಿದವನಿಗೂ ಸರಿ, ಉಪವಾಸ ಇದ್ದವನಿಗೂ ಸರಿ. ಅವಳು ಕೀಲಿಮಣೆ ಹತ್ತಿರಕ್ಕೆ ಎಳೆದುಕೊಂಡಳು. ಪುಟದ ಒಳಗೆ, ತಾನು ಅಷ್ಟು ಜಂಬದಿಂದ ಅಳತೆ ಬಿಗಿದಿದ್ದ ಜಾಗಗಳನ್ನು ಒಂದೊಂದಾಗಿ ಹುಡುಕಿ, ಅಂಕಿ ಅಳಿಸಿ, ಇಡೀ ಪುಟಕ್ಕೆ ತೆರೆ ಎಷ್ಟಗಲವೋ ಅದರ ನೂರಕ್ಕೆ ನೂರು ಅಂತ ಬರೆದಳು. ತೋಳುಗಳಿಗೆ ತಲಾ ನೂರಕ್ಕೆ ಇಪ್ಪತ್ತು, ಎದೆಗೆ ನೂರಕ್ಕೆ ಅರವತ್ತು. ಗಟ್ಟಿ ಹೊಲಿಗೆಯನ್ನು ಬಿಚ್ಚಿ ಲಾಡಿ ಹಾಕಿದಳು ಅಂತ ಇಟ್ಟುಕೊಳ್ಳಿ. ಹಿಂದಿನ ಕುರ್ಚಿಯಲ್ಲಿ ವಜೀರಾ ಫುಪ್ಪು ಸದ್ದಿಲ್ಲದೆ ದುವಾ ಹೇಳುತ್ತಿದ್ದಳು.

ಪುಟ ಮತ್ತೆ ತೆರೆಯಿತು. ಈ ಅಂಚಿನಿಂದ ಆ ಅಂಚಿನವರೆಗೂ ಹರಡಿಕೊಂಡಿತು. ಎಡಗಡೆ ಕುರಿಗಳು, ಬಲಗಡೆ ಉಣ್ಣೆ, ನಡುವಿನ ಗುಡ್ಡದಲ್ಲಿ ಚಿತ್ತಮ್ಮ ಯಾರನ್ನೋ ಗದರುತ್ತ ನಿಂತಿದ್ದಳು. ಫಿರ್ದೌಸ್ ಮೌಸಿನಿಂದ ಪುಟದ ಕಿಟಕಿಯ ಅಂಚನ್ನು ಹಿಡಿದು ಕಿರಿದು ಮಾಡಿದಳು, ಪುಟ ತಾನೂ ಕಿರಿದಾಯಿತು. ಹಿಗ್ಗಿಸಿದಳು, ಹಿಗ್ಗಿತು. ನಾಲ್ಕು ಸಲ ಹಾಗೆ ಮಾಡಿದಳು. ಎರಡು ಸಲ ಜನಕ್ಕಾಗಿ, ಎರಡು ಸಲ ತನ್ನ ಖುಷಿಗಾಗಿ.

"ನೋಡ್ಲಾ, ಬಯಲಿಗೆ ಬುಟ್ಲು ಕುರೀನ!" ಅಂತ ಚಿತ್ತಮ್ಮ ಮಗನ ತೋಳು ಹಿಡಿದು ಅಲುಗಿಸಿದಳು.

ಇಮ್ದಾದ್ ಹತ್ತಿರ ಬಂದ. ಕಂಠ ಸರಿ ಮಾಡಿಕೊಂಡ. "ಕೆಲಸ ಚೆನ್ನಾಗೈತೆ, ಫಿರ್ದೌಸ್. ಇಂಥದ್ದು ನನ್ನ ಕೈಲೂ ಆಗ್ತಿರ್ಲಿಲ್ಲ. ಆದ್ರೆ ಮಾತು..."

"ಮಾತು ಮಾತೇ," ಅಂದಳು ಫಿರ್ದೌಸ್. ಆಲ್ಟ್ರೇಷನ್ ಆಗಿದ್ದು ಹೌದು. ಕೊಟ್ಟ ಮಾತಿನಿಂದ ಜಾರಿಕೊಂಡು ಹಾಕಿದ ಲೇಬಲ್ಲು ಅಪ್ಪನ ಉಗುರಿಗೆ ನಿಲ್ಲುತ್ತದೆಯೇ? ಅವಳು ತಳದ ಖಾಲಿ ಜಾಗಕ್ಕೆ ಹೋಗಿ ಇಮ್ದಾದ್ ಕಂಪ್ಯೂಟರ್ಸ್ ಅಂತ ತಾನೇ ಹೊಡೆದಳು.

ಓದು ಬಾರದ ತಾಯಿಗಾಗಿ ಚಿತ್ತೇಶ್ ಪುಟವನ್ನು ಮೇಲಿನಿಂದ ಗಟ್ಟಿಯಾಗಿ ಓದುತ್ತ ಬಂದ. ಹಟ್ಟಿಯ ಹೆಸರು, ಸಂಘದ ಹೆಸರು, ಕುರಿಯ ತಳಿ, ಉಣ್ಣೆಯ ಬಣ್ಣ. ಕೊನೆಯ ಸಾಲನ್ನೂ ಓದಿದ.

ಚಿತ್ತಮ್ಮ ಎಲೆ ಅಗಿಯುವುದನ್ನು ನಿಲ್ಲಿಸಿದಳು. "ಅದ್ಯಾರ್ಲಾ ಅದು?"

"ಇವ್ರೇ ಕಣವ್ವ, ಇಮ್ದಾದಣ್ಣ. ಕಂಪ್ಯೂಟರ್ ಇವ್ರ್ದೇ."

ಚಿತ್ತಮ್ಮ ಇಮ್ದಾದನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. "ನಿಮ್ಮನ್ನ ಇವತ್ತೇ ನೋಡ್ತಿರಾದು ಕಣಪ್ಪ. ಬೇಲಿ ಹೊರಗೆ ಮೆಟ್ಟು ಬುಟ್ಟು ಬಂದೋಳು ಈ ಮಗ. ಬಿಸಿಲಾಗೆ ಕುರಿ ಹಿಂದೆ ಗುಡ್ಡ ಹತ್ತಿದೋಳು ಈ ಮಗ. ತಪ್ಪಾದಾಗ ಓಡೋಗ್ದೆ ಎಲ್ರ ಮುಂದೇನೇ ಬಿಚ್ಚಿ ಹೊಲಿದೋಳು ಈ ಮಗ. ಇವಳಪ್ಪ ಹೊಲಿದ ಅಂಗೀಲಿ ಇನ್ನೊಬ್ರ ಹೆಸರಿರ್ಲಿಲ್ಲ. ನಮ್ಮ ಕುರಿ ಕೆಳಗೂ ಬ್ಯಾಡ."

"ಅಮ್ಮ, ನಾನೇ ಮಾತು ಕೊಟ್ಟಿದ್ದೆ. ಆಲ್ಟ್ರೇಷನ್ ಬಂದ್ರೆ ಅವರ ಹೆಸರು ಅಂತ," ಅಂದಳು ಫಿರ್ದೌಸ್.

"ಮಾತು ನಿಮ್ಮಿಬ್ರದು. ಮಾಲು ನಮ್ದು. ನಾನು ಇಸ್ಕೊಳಾದಿದ್ರೆ ಇವಳ ಹೆಸರಿರಾದೇ ಇಸ್ಕೊಳಾದು. ಇಲ್ದಿದ್ರೆ ನೀವೇ ಮಡಿಕ್ಕಳ್ಳಿ."

ಇಮ್ದಾದ್ ತಲೆ ಕೆರೆದುಕೊಂಡ. ಹೇಳಿದೆನಲ್ಲ, ಅವನೇನು ಕೆಟ್ಟವನಲ್ಲ. ಗಿರಾಕಿಯ ಮಾತಿಗಿಂತ ದೊಡ್ಡ ಮಾತಿಲ್ಲ ಅನ್ನುವುದು ಕಂಪ್ಯೂಟರಿನವನಿಗೂ ಗೊತ್ತಿರುತ್ತದೆ. ಮೇಲಾಗಿ, ಎರಡು ವರ್ಷದಿಂದ ಕೇಳದ ಅವನ ಕಿವಿಗೆ ಆ ಮುದುಕಿಯ ಧ್ವನಿ ಚೆನ್ನಾಗಿ ಕೇಳಿಸಿತ್ತು. ಅವನು ಫಿರ್ದೌಸಳ ಪಕ್ಕದ ಕುರ್ಚಿ ಎಳೆದು ಕೂತು, ತನ್ನ ಹೆಸರನ್ನು ತಾನೇ ಅಳಿಸಿದ.

"ಏನಂತ ಹಾಕ್ಲಿ, ಹೇಳಮ್ಮ," ಅಂದ.

ಫಿರ್ದೌಸ್ ಎರಡೇ ಪದ ಹೇಳಿದಳು.

ಮಾರನೆಯ ದಿನ ಖಾದರ್ ಸಾಬರು ಸೆಂಟರಿಗೆ ಬಂದರು. ಕರೆದವರು ಯಾರೂ ಇಲ್ಲ. ವಜೀರಾ ಫುಪ್ಪು ಬೆಳಿಗ್ಗೆಯೇ ಬೀದಿಯ ಈ ತುದಿಯಿಂದ ಆ ತುದಿಗೆ ಸುದ್ದಿ ಹಂಚಿದ್ದಳು, ತಾನೇ ಪುಟ ಮಾಡಿದವಳ ಹಾಗೆ. ಕೊರಳಲ್ಲಿ ಟೇಪು ನೇತಾಡುತ್ತಲೇ ಇತ್ತು. ಅವರು ಗುಡ್ಡ ನೋಡಲಿಲ್ಲ, ಕುರಿ ನೋಡಲಿಲ್ಲ.

"ಕೆಳಕ್ಕೆ ಓಡ್ಸು, ಬೇಟಿ," ಅಂದರು.

ಫಿರ್ದೌಸ್ ಓಡಿಸಿದಳು. ತಳದಲ್ಲಿ, ಕೆಂಪು ಬಣ್ಣದಲ್ಲಿ ಇತ್ತು. ಫಿರ್ದೌಸ್, ತಿಪಟೂರು.

ಖಾದರ್ ಸಾಬರು ಕನ್ನಡಕ ಹಣೆಗೇರಿಸಿ ಬಗ್ಗಿದರು. ಹೆಬ್ಬೆರಳ ಉಗುರನ್ನು ಆ ಹೆಸರಿನ ಅಂಚಿಗೆ ಕೊಟ್ಟು, ಗಾಜಿನ ಮೇಲೆ ಒತ್ತಿ, ಕೀಳಲು ನೋಡಿದರು. ಈ ತುದಿಯಿಂದ ಒಮ್ಮೆ. ಆ ತುದಿಯಿಂದ ಇನ್ನೊಮ್ಮೆ.

"ಏಳಾಕಿಲ್ಲ," ಅಂದರು ಅವರು. "ಮಡಿಸಿ ಕೊಡಬೌದು."